ಎರಡು ವೋಲ್ಟಿನ ಮೇಲೆ ಒಂದಿಷ್ಟು

ಪರದೆಯ ಹಿಂದೆ ಗ್ಲೆನಿಸ್ ಒಬ್ಬಳೇ ಇದ್ದಳು. ಅವಳ ಮುಂದೆ ಹಳೆಯ ಆಂಪ್ಲಿಫೈಯರ್ ಮತ್ತು ಅದರ ಜೋಡಿ ಸಿ.ಡಿ. ಪ್ಲೇಯರ್, ಪಕ್ಕದಲ್ಲಿ ಹೊಸ ಜೋಡಿ. ಪರದೆಯ ಆಚೆ ಹೈ-ಫೈ ಅನ್ನುವ ದುಬಾರಿ ಸಂಗೀತ ಯಂತ್ರಗಳನ್ನು ಮಾರುವ ಐದು ಜನ ಅಂಗಡಿಯವರು ಚಹಾ ಕುಡಿಯುತ್ತ ಹರಟುತ್ತಿದ್ದರು. ಇನ್ನು ಕಾಲು ಗಂಟೆಯಲ್ಲಿ ಅವರು, ಯಾವುದು ನುಡಿಯುತ್ತಿದೆ ಎಂದು ಗೊತ್ತಿಲ್ಲದೆ ಎರಡನ್ನೂ ಕೇಳಿ, ಯಾವುದು ಚೆನ್ನ ಎಂದು ಚೀಟಿಯಲ್ಲಿ ಬರೆಯುವವರಿದ್ದರು. ಹಳೆಯದು ಗೆದ್ದರೆ ಮೇಲಿನ ಮಹಡಿಯ ಕಾರ್ಯಾಗಾರ ಉಳಿಯುತ್ತದೆ, ಸೋತರೆ ಈ ತಿಂಗಳ ಕೊನೆಗೆ ಬೀಗ. ಎರಡನ್ನೂ ತಯಾರಿಸುವ ಕಂಪನಿಯ ಮಾಲೀಕ ಹೆಡ್ಲಿ ಥ್ಯಾಕ್ರೆ ಈ ಮಾತನ್ನು ಎಲ್ಲರೆದುರಿಗೇ ಆಡಿದ್ದ.

ಮೇಲೆ ಆರು ಜನ ಕೂತು ಹಳೆಯದನ್ನು ಕೈಯಲ್ಲೇ ಬೆಸುಗೆ ಹಾಕಿ ಕಟ್ಟುತ್ತಿದ್ದರು. ಅವರ ಮುಖ್ಯಸ್ಥ ಕ್ಲಿಫರ್ಡ್, ಗ್ಲೆನಿಸಳ ಅಣ್ಣ. ಇಪ್ಪತ್ತೆರಡು ವರ್ಷದ ಹಿಂದೆ ಅದರ ನಕ್ಷೆ ಬರೆದವನೂ ಅವನೇ. ಹಠಮಾರಿ ಅಂದರೆ ಹಠಮಾರಿ. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಕಂಪನಿ ನಡೆಯುತ್ತಿದ್ದ ಆ ಹಳೆಯ ಉಣ್ಣೆ ಗಿರಣಿಯ ಕಟ್ಟಡದಲ್ಲಿ ಅವನ ಹತ್ತಿರ ಬೈಸಿಕೊಳ್ಳದವರು ಯಾರೂ ಇರಲಿಲ್ಲ. ಹೊಸದಕ್ಕೆ ಭಾಗಗಳೆಲ್ಲ ಸಿದ್ಧವಾಗಿಯೇ ಬರುತ್ತವೆ; ಇಬ್ಬರು ಕೂತರೆ ಮಧ್ಯಾಹ್ನದೊಳಗೆ ಹತ್ತು ಜೋಡಿಸಬಹುದು. ಈ ಹಳೆಯ ಕೈಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲದ, ಅರವತ್ತೊಂದು ದಾಟಿದ ಮುಂಗೋಪಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ, ಹೇಳಿ.

ಗ್ಲೆನಿಸಳ ಕೆಲಸ ಎರಡರ ದನಿಯನ್ನು ಸಮ ಮಾಡುವುದು. ಪರೀಕ್ಷೆಯ ಡಿಸ್ಕಿನಲ್ಲಿ ಒಂದೇ ಸಮನೆ ಕೂಗುವ ಸ್ವರವನ್ನು ಹಾಕಿ, ಸ್ಪೀಕರಿನ ತಂತಿಗೆ ಮೀಟರ್ ಹಚ್ಚಿ, ಎರಡಕ್ಕೂ ಸರಿಯಾಗಿ ಎರಡು ವೋಲ್ಟ್ ಬರುವಂತೆ ಗುಂಡಿ ತಿರುಗಿಸಬೇಕು. ಯಾಕೆಂದು ಈ ಕಸುಬಿನವರಿಗೆಲ್ಲ ಗೊತ್ತು. ದನಿ ಕೂದಲೆಳೆಯಷ್ಟು ಹೆಚ್ಚಾದರೆ ಕಿವಿಗೆ ಅದು ಜೋರಾಗಿ ಕೇಳುವುದಿಲ್ಲ, ಚೆನ್ನಾಗಿ ಕೇಳುತ್ತದೆ. ದುಬಾರಿ ಮಾಲನ್ನು ಗಿರಾಕಿಯ ತಲೆಗೆ ಕಟ್ಟಲು ಎಷ್ಟು ಅಂಗಡಿಯವರು ಈ ಆಟ ಆಡಿಲ್ಲ! ಕಳ್ಳ ನನ್ಮಕ್ಕಳು. ಗ್ಲೆನಿಸ್ ಮಾತ್ರ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆಡಿರಲಿಲ್ಲ.

ಹೊಸದು ಎರಡು ವೋಲ್ಟ್. ಹಳೆಯದೂ ಎರಡು ವೋಲ್ಟ್. ಗುಂಡಿಯಿಂದ ಕೈ ತೆಗೆದುಬಿಡಬೇಕಿತ್ತು, ತೆಗೆಯಲಿಲ್ಲ. ಬೆರಳು ಒಂದಿಷ್ಟೇ ಬಲಕ್ಕೆ ಹೊರಳಿತು. ಹಳೆಯದರ ಅಂಕಿ 2.08ಕ್ಕೆ ಹೋಗಿ ನಿಂತಿತು.

“ಆಯ್ತಾ, ಗ್ಲೆನಿಸ್?” ಹೆಡ್ಲಿ ಆಚೆಯಿಂದ ಕೂಗಿದ.

“ಆಯ್ತು.”

“ನಾನೊಂದ್ಸಲ ಮೀಟರ್ ನೋಡ್ಲಾ?” ಲೀಡ್ಸಿನಲ್ಲಿ ಅಂಗಡಿ ಇಟ್ಟಿದ್ದ ಮಿಸೆಸ್ ಆರ್ಮಿಟೇಜಳ ದನಿ. “ತಪ್ಪು ತಿಳ್ಕೋಬೇಡಿ. ಮೇಲಿರೋ ಆ ಕೋಪಿಷ್ಠ ಇವಳ ಅಣ್ಣ ಅಂತೆ.”

ಆಚೆ ಕುರ್ಚಿ ಸರಿದ ಸದ್ದಾಯಿತು.

“ಯಾರ ಮೇಲೆ ಬೇಕಾದ್ರೂ ಅನುಮಾನ ಪಡಿ,” ಅಂದ ಹೆಡ್ಲಿ. “ನನ್ನ ಮೇಲೂ ಪಡಿ. ಗ್ಲೆನಿಸ್ ಮೇಲೆ ಮಾತ್ರ ಬೇಡ. ಕೂತ್ಕೊಳ್ಳಿ, ಬಿಸ್ಕತ್ತು ತಗೊಳ್ಳಿ.”

ಎಲ್ಲರೂ ನಕ್ಕರು. ಪರದೆಯ ಹಿಂದೆ ಅವಳ ಮುಖ ಕಪಾಳಕ್ಕೆ ಹೊಡೆಸಿಕೊಂಡಂತೆ ಕೆಂಪಾಯಿತು.

ನಾಣ್ಯ ಚಿಮ್ಮಿ, ಯಾವುದು ಮೊದಲು ಎಂದು ನೋಡಿ, ಅವಳು ಒಂದೊಂದನ್ನೂ ಎರಡರಲ್ಲೂ ಅದೇ ಕ್ರಮದಲ್ಲಿ ನುಡಿಸುತ್ತ ಹೋದಳು. ಪಿಯಾನೋ ಆಯಿತು, ಊರಿನ ಕಹಳೆ ವಾದ್ಯದವರದು ಆಯಿತು. ಮೂರನೆಯದು ಒಬ್ಬ ಹೆಂಗಸಿನ ಹಾಡು. ಕೇಳಬಾರದು ಅಂದುಕೊಂಡೇ ಇದ್ದಳು, ಆದರೆ ಕಿವಿಗೆ ಬಾಗಿಲಿದೆಯೇ? ಹಳೆಯದರಲ್ಲಿ ಹಾಡು ಚೆಂದವಿತ್ತು. ಹೊಸದರಲ್ಲಿ ಆ ಹೆಂಗಸು ಸಾಲಿನ ನಡುವೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಇಷ್ಟು ವರ್ಷ ಕೇಳಿದ ಹಾಡು, ಆ ಉಸಿರು ಒಮ್ಮೆಯೂ ಕೇಳಿರಲಿಲ್ಲ.

ಐದು ಹಾಡು ಮುಗಿದವು. ಹೆಡ್ಲಿ ಚೀಟಿ ಬಿಚ್ಚಿ ಓದಿದ. ಹೊಸದಕ್ಕೆ ನಾಲ್ಕು, ಹಳೆಯದಕ್ಕೆ ಒಂದು.

ಸುದ್ದಿ ಮೆಟ್ಟಿಲು ಹತ್ತಿದ್ದೇ ತಡ, ಕ್ಲಿಫರ್ಡ್ ಧಡಧಡನೆ ಇಳಿದು ಬಂದ. “ಹೆಡ್ಲಿ, ನನ್ನ ಕಣ್ಣಿಗೆ ಮಣ್ಣೆರಚ್ತೀಯಾ? ಹೊಸದರ ದನಿ ಏರ್ಸಿಟ್ಟಿದ್ದೀಯ!”

“ನಾನು ಮುಟ್ಟೇ ಇಲ್ಲ ಮಾರಾಯ. ಇಟ್ಟಿದ್ದು ನಿನ್ನ ತಂಗೀನೇ.”

“ಅವಳು ಸರಿಯಾಗೇ ಇಟ್ಟಿರ್ತಾಳೆ. ಆಮೇಲೆ ಯಾವನು ಕೈಯಾಡ್ಸಿದ್ನೋ! ಈಗ್ಲೇ ಮೀಟರ್ ಹಚ್ಚಿಸು, ಎಲ್ಲರೆದುರಿಗೆ.”

ಹೆಡ್ಲಿಗೂ ರೇಗಿತು. “ಹಚ್ಚಿಸ್ತೀನಿ. ಹೊಸದಕ್ಕೆ ಒಂದು ಚೂರು ಹೆಚ್ಚಿದ್ರೂ ಕಾರ್ಯಾಗಾರ ಮುಚ್ಚಲ್ಲ, ಆಯ್ತಾ? ಐದು ಜನ ಸಾಕ್ಷಿ. ಗ್ಲೆನಿಸ್, ಹಚ್ಚಮ್ಮ.”

ಅವಳು ಮತ್ತೆ ಪರದೆಯ ಹಿಂದೆ ಹೋದಳು. ಎರಡೂ ಪ್ಲೇಯರಿಗೆ ಪರೀಕ್ಷೆಯ ಡಿಸ್ಕು ಹಾಕಿದಳು. ಹೊಸದು ತಟ್ಟನೆ ಓದಿಕೊಂಡಿತು. ಹಳೆಯದರ ತಟ್ಟೆ ಕಿರ್ ಎಂದು ಒಳಗೆ ಹೋಗಿ, ಯೋಚಿಸಿ ಯೋಚಿಸಿ ಕೊನೆಗೆ ಸ್ವರ ಎತ್ತಿತು. ಗುಂಡಿ ಅವಳ ಕೈಯಳತೆಯಲ್ಲೇ ಇತ್ತು. ಎಡಕ್ಕೆ ಒಂದಿಷ್ಟು ತಿರುಗಿಸಿದರೆ ಸಾಕು, ಹಳೆಯದು ಎರಡು ವೋಲ್ಟಿಗಿಂತ ಕೆಳಗೆ ಬರುತ್ತದೆ, ಹೊಸದೇ ಹೆಚ್ಚು ಅಂತಾಗುತ್ತದೆ. ಅಣ್ಣನ ಕೆಲಸ ಉಳಿಯುತ್ತದೆ, ಆರು ಮನೆಯ ಒಲೆ ಉರಿಯುತ್ತದೆ. ಹೆಡ್ಲಿ ಒಬ್ಬ ಕಳ್ಳ ಅನ್ನಿಸಿಕೊಳ್ಳುತ್ತಾನೆ, ಅಷ್ಟೇ.

ಅಷ್ಟೇನಾ?

“ಏನೇ ಅದು, ಎಷ್ಟೊತ್ತು?” ಕ್ಲಿಫರ್ಡ್ ಕೂಗಿದ.

ಅವಳ ಬೆರಳು ಗುಂಡಿಯನ್ನು ಮುಟ್ಟಿತು. ಲೋಹ ಬೆಚ್ಚಗಿತ್ತು. ಆಮೇಲೆ ಅವಳು ಎರಡೂ ಕೈಯನ್ನು ಕಂಕುಳಲ್ಲಿ ಬಿಗಿಯಾಗಿ ಇರುಕಿಕೊಂಡಳು. “ಪರದೆ ಎಳೀರಿ,” ಅಂದಳು. “ನೀವೇ ಬಂದು ನೋಡಿ. ನನ್ನ ಕೈಗೆ ಕೆಲಸ ಹೇಳಬೇಡಿ.”

ಕ್ಲಿಫರ್ಡನೇ ಮೊದಲು ಬಗ್ಗಿದ. ಮೀಟರನ್ನು ಹೊಸದಕ್ಕೆ ಹಚ್ಚಿ, “ಎರಡು,” ಅಂದ. ಹಳೆಯದಕ್ಕೆ ಹಚ್ಚಿದ. ಮತ್ತೊಮ್ಮೆ ಹಚ್ಚಿದ. ಅಂಗಡಿಯವರು ಅವನ ಹೆಗಲ ಮೇಲಿಂದ ಇಣುಕಿದರು.

“ಹಳೇದೇ ಹೆಚ್ಚಿದೆಯಲ್ರೀ!” ಅಂದಳು ಮಿಸೆಸ್ ಆರ್ಮಿಟೇಜ್.

“ನಾನೇ ಏರ್ಸಿದ್ದು,” ಅಂದಳು ಗ್ಲೆನಿಸ್. “ಮೊದಲಿಂದ್ಲೂ ಹಾಗೇ ಇತ್ತು. ಯಾರೂ ಹೇಳ್ಕೊಟ್ಟಿಲ್ಲ.”

ಹೆಡ್ಲಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೈದಿದ್ದರೆ ವಾಸಿಯಿತ್ತು.

“ಇಷ್ಟು ಏರ್ಸಿದ್ರೂ,” ಕ್ಲಿಫರ್ಡ್ ಮೆಲ್ಲಗೆ ಕೇಳಿದ, “ನಾಲ್ಕಾ?”

“ನಾಲ್ಕು.”

ಅವನ ಹೆಗಲು ಇಳಿದುಹೋಯಿತು. ಅವಳು ತೋಳು ಹಿಡಿಯಲು ಹೋದಳು, ಅವನು ಕೊಸರಿಕೊಂಡ. ನಡುವಿನ ಖಾಲಿ ಕುರ್ಚಿಯಲ್ಲಿ ಹೋಗಿ ಕೂತು, ಬೆಸುಗೆಯ ಸುಟ್ಟ ಕಲೆಗಳ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡ.

“ಆ ಹೊಸದನ್ನ ಹಾಕು. ನಾನಿನ್ನೂ ಕೇಳೇ ಇಲ್ಲ.”

ಅವಳು ಕಹಳೆಯವರ ಡಿಸ್ಕು ಹಾಕಿದಳು. ಆರು ನಿಮಿಷ ಯಾರೂ ಅಲುಗಾಡಲಿಲ್ಲ. ಮುಗಿದ ಮೇಲೆ ಕ್ಲಿಫರ್ಡ್ ಎದ್ದು, ಹೆಡ್ಲಿಯ ಹತ್ತಿರ ಹೋಗಿ, “ಚೆನ್ನಾಗಿದೆ,” ಅಂದ. “ಮೇಲಿನವರಿಗೆ ನಾನೇ ಹೇಳ್ತೀನಿ.”

ಬಾಗಿಲಿಗೆ ಹೋಗಲು ಅವನು ಗ್ಲೆನಿಸಳ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಅವನು ಕುರ್ಚಿಗಳನ್ನು ಸರಿಸಿಕೊಂಡು ಆಚೆ ಬದಿಯಿಂದ ಹೋದ.