ಮೂರು ಬೆರಳ ಸಂದು

ದೋಣಿ ಕಟ್ಟುವ ಅಂಗಳದಲ್ಲಿ ಸುತ್ತಿಗೆಗಳ ಸದ್ದು ಹತ್ತು ಗಂಟೆಗೇ ನಿಂತುಹೋಯಿತು. ಬಂದರಿನ ಓಣಿಯವರಿಗೆ ಆ ಸದ್ದು ಉಸಿರಿನ ಹಾಗೆ, ಇರುವಾಗ ಕೇಳಿಸುವುದಿಲ್ಲ. ಅದು ನಿಲ್ಲುವುದು ಮಧ್ಯಾಹ್ನದ ಊಟಕ್ಕೆ, ಇಲ್ಲವೆ ಕೆಲಸಗಾರರಲ್ಲಿ ಯಾರಾದರೂ ತೀರಿಕೊಂಡಾಗ. ಮೂರನೆಯ ಮಹಡಿಯ ಕಿಟಕಿಯಲ್ಲಿ ಒಗೆದ ಬಟ್ಟೆ ಹಿಂಡುತ್ತಿದ್ದ ಮೇಸ್ತ್ರಿಯ ಹೆಂಡತಿ ತಲೆಯೆತ್ತಿ ಹಳೆಯ ಸುಂಕದ ಕಟ್ಟಡದ ಗಡಿಯಾರ ನೋಡಿದಳು. "ಯಾರ ಮನೆ ದೀಪ ಆರಿತೋ ದೇವರೇ" ಎಂದುಕೊಂಡಳು. ಮೆಟ್ಟಿಲ ಮೇಲೆ ನಾಲ್ಕಾರು ಜನರ ಹೆಜ್ಜೆ ಕೇಳಿಸಿತು. ಎರಡನೆಯ ಮಹಡಿಯಲ್ಲೂ ಅವು ನಿಲ್ಲಲಿಲ್ಲ. ಆಕೆಯ ಕೈಯಲ್ಲಿದ್ದದ್ದು ಗಂಡನದೇ ಅಂಗಿ.

ಹಲಗೆ ಜೋಡಿಸುತ್ತಿದ್ದ ಮೇಸ್ತ್ರಿ ಅದರ ಮೇಲೆಯೇ ಒರಗಿಬಿಟ್ಟಿದ್ದ. ನೋವು ತಿನ್ನಲಿಲ್ಲ, ಪುಣ್ಯವಂತ ಎಂದರು ಎಲ್ಲರೂ.

ಮೂರು ವಾರ ಕಳೆದ ಮೇಲೆ ಹಳ್ಳಿಯಿಂದ ತಮ್ಮ ಬಂದ. "ಇನ್ನೇನು ಯೋಚನೆ ಅಕ್ಕಾ? ಭಾವ ನಿನಗೋಸ್ಕರ ಅಷ್ಟು ಚೆಂದದ ಮನೆ ಕಟ್ಟಿಟ್ಟು ಹೋಗಿದಾರೆ. ಒಬ್ಬಳೇ ಈ ಗದ್ದಲದಲ್ಲಿ ಯಾಕಿರ್ತೀಯ? ಸಾಮಾನು ಕಟ್ಟು."

ಕೆಳಗಡೆ ಹಗ್ಗದಂಗಡಿ ಇಟ್ಟಿದ್ದ ಮುದುಕಿಗೆ ಇದು ಕೇಳಿಸದೆ ಇರುತ್ತದೆಯೆ? ಆಕೆಯ ಕಿವಿ ಮೂರು ಮಹಡಿಗೂ ಸೇರಿದ್ದು. "ಹೋಗಮ್ಮ, ಹೋಗು. ಜಗಳ ಆಡ್ಬೇಕು ಅನ್ನಿಸಿದಾಗ ಏನ್ಮಾಡ್ತೀಯ? ಹಸು ಹತ್ರ ಆಡ್ತೀಯಾ?" ಎಂದು ಮೆಟ್ಟಿಲ ಬುಡದಿಂದಲೇ ಕೂಗಿದಳು.

ಮೇಸ್ತ್ರಿಯ ಹೆಂಡತಿ ಗಂಡನ ಅಂಗಿಯನ್ನು ಮಡಿಸಿಟ್ಟಳು. ತಪ್ಪು ತನ್ನದೇ ಎಂದು ಆಕೆಗೆ ಗೊತ್ತಿತ್ತು. ಹತ್ತೊಂಬತ್ತಕ್ಕೆ ಈ ಪಟ್ಟಣಕ್ಕೆ ಬಂದಾಗ ಡಾಂಬರಿನ ವಾಸನೆಗೆ ತಲೆ ಸುತ್ತುತ್ತಿತ್ತು. ಹಡಗು ಕೂಗಿದರೆ ಎದೆ ಹಾರುತ್ತಿತ್ತು. "ನಮ್ಮೂರಲ್ಲಿ ಗುಬ್ಬಿಗೂಡಿನಷ್ಟು ಒಂದು ಮನೆ ಇದ್ದರೆ ಸಾಕು" ಎಂದು ಎಷ್ಟೋ ವರ್ಷ ಅತ್ತಿದ್ದಳು. ಆ ಮಾತನ್ನು ಗಂಡ ಗಂಟುಕಟ್ಟಿ ಇಟ್ಟುಕೊಂಡ. ಆದರೆ ಆಕೆಯ ಆಸೆ ಎಂದು ಬಾಡಿತೋ ಆಕೆಗೇ ತಿಳಿಯದು. ಸವೆದು ಗುಳಿಬಿದ್ದ ಕಲ್ಲಿನ ಓಣಿ, ಹಡಗುಕಟ್ಟೆಯಲ್ಲಿ ಅರ್ಧ ಹೂತ ಹಳೆಯ ಫಿರಂಗಿ, ದಾರಿಗೆ ಅಡ್ಡವೆಂದು ಅದಕ್ಕೆ ದೋಣಿ ಕಟ್ಟುವವರ ಬೈಗುಳ, ಎಲ್ಲವೂ ಯಾವಾಗಲೋ ತನ್ನವಾಗಿಬಿಟ್ಟಿದ್ದವು. ಅಷ್ಟರಲ್ಲಿ ಗಂಡ ಹಳ್ಳಿಯಲ್ಲಿ ಅಡಿಪಾಯ ಹಾಕಿದ್ದ. ತನಗಾಗಿ ಬೆವರು ಸುರಿಸುವವನ ಮುಂದೆ ಬೇಡ ಎನ್ನಲು ಬಾಯಿ ಬರಲಿಲ್ಲ.

ನಾಲ್ಕು ವರ್ಷ ಆತ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದ. ಬಂದವನೇ ಹೇಳುತ್ತಿದ್ದುದು ಒಂದೇ ಮಾತು. "ಬಾಗಿಲು ಇನ್ನೂ ಕೂತಿಲ್ಲ ಕಣೇ. ಇನ್ನೊಂಚೂರು ಹತ್ತರಿ ಹೊಡೆದು ಅಂಚು ಸವರ್ಬೇಕು."

"ನಿಧಾನಕ್ಕೆ ಆಗಲಿ. ಯಾರು ಅಟ್ಟಿಸ್ಕೊಂಡು ಬಂದಿದಾರೆ?" ಎನ್ನುತ್ತಿದ್ದಳು ಆಕೆ. ನೋಡಲು ಬರುತ್ತೇನೆಂದು ಒಮ್ಮೆಯೂ ಹೇಳಲಿಲ್ಲ. ಆತನೂ ಕರೆಯಲಿಲ್ಲ.

ಈಗ ಆ ಮನೆ ಸತ್ತವನ ಕೊನೆಯ ಕೆಲಸ. ಒಲ್ಲೆ ಎಂದರೆ ಅವನ ದುಡಿಮೆಯನ್ನೇ ತಳ್ಳಿದಂತೆ. ಇಲ್ಲಿನ ಕೋಣೆಯನ್ನು ಬಿಡುವುದೋ ಇರುವುದೋ, ತಿಂಗಳ ಕೊನೆಯೊಳಗೆ ಹೇಳಿ ಎಂದು ಮಾಲೀಕ ಕೇಳಿದ್ದ. ಬೆಳಗ್ಗೆ ಎದ್ದು ದೇವರಿಗೆ ಕೈಮುಗಿದರೆ ಗಂಡನ ಆತ್ಮಕ್ಕಾಗಿ ಬೇಡುವ ಮಾತೇ ನಾಲಿಗೆಗೆ ಬಾರದು. "ನನಗೊಂದು ದಾರಿ ತೋರಿಸು ತಂದೆ" ಎಂಬುದಷ್ಟೇ ಬರುತ್ತಿತ್ತು. ಅದಕ್ಕೂ ಆಕೆ ನಾಚಿಕೊಂಡಳು. ಕೊನೆಗೆ, ಒಮ್ಮೆ ನೋಡಿ ಬರುತ್ತೇನೆಂದು ತಮ್ಮನ ಜೊತೆ ಬಸ್ಸು ಹತ್ತಿದಳು.

ಹಳ್ಳಿ ತಣ್ಣಗಿತ್ತು. ಒಂದು ರಸ್ತೆ, ಒಂದು ಕೆರೆ, ದೂರದಲ್ಲಿ ಯಾರೋ ಕೆಮ್ಮಿದರೂ ಕೇಳಿಸುವಷ್ಟು ಮೌನ. ಮನೆ ನಿಜಕ್ಕೂ ಚೆಂದವಿತ್ತು. ಕಿಟಕಿಗಳು ಕಣ್ಣುರೆಪ್ಪೆಯ ಹಾಗೆ ಮುಚ್ಚಿಕೊಳ್ಳುತ್ತಿದ್ದವು. ಆದರೆ ಬಾಗಿಲನ್ನು ಗೋಡೆಗೆ ಒರಗಿಸಿಟ್ಟಿದ್ದರು.

ತಮ್ಮ ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡ ಅಕ್ಕಾ. ಭಾವ ದೊಡ್ಡ ಕೆಲಸಗಾರರೇ, ಆದ್ರೆ ಇದೊಂದರಲ್ಲಿ ಎಡವಿಬಿಟ್ರು." ಬಾಗಿಲನ್ನೆತ್ತಿ ಚೌಕಟ್ಟಿಗೆ ಹಿಡಿದು ತೋರಿಸಿದ. ಪಕ್ಕದಲ್ಲಿ ಮೂರು ಬೆರಳು ತೂರುವಷ್ಟು ಸಂದು. "ಮೊದಲನೇ ಸಲಾನೇ ಲಕ್ಷಣವಾಗಿ ಕೂತಿತ್ತು, ನಾನೇ ಕಣ್ಣಾರೆ ನೋಡಿದೀನಿ. ಬಿಡಬೇಕಲ್ಲ! ಬಂದಾಗಲೆಲ್ಲ ಕಳಚೋದು, ಹತ್ತರಿ ಹೊಡೆಯೋದು. ಸಾಕು ಬಿಡಿ ಭಾವ ಅಂದ್ರೆ, 'ನಿಮ್ಮಕ್ಕ ಇನ್ನೂ ಅವಸರ ಮಾಡಿಲ್ಲವಲ್ಲೋ' ಅನ್ನೋರು."

ಆಕೆ ಮೂರು ಬೆರಳನ್ನು ಆ ಸಂದಿನಲ್ಲಿಟ್ಟು ನಿಂತಳು. ಮೂವತ್ತೆಂಟು ವರ್ಷ ಹನಿ ನೀರು ಒಳನುಗ್ಗದ ಹಾಗೆ ಹಲಗೆಗೆ ಹಲಗೆ ಕೂಡಿಸಿದ ಕೈ ಅದು. ಊರಿಗೆ ಹೋಗಿಬಂದ ದಿನಗಳಲ್ಲಿ ಆತ ಮನೆಗೆ ಬರುವ ಮೊದಲು ಹಡಗುಕಟ್ಟೆಗೆ ಹೋಗಿ, ಆ ಹಳೆಯ ಫಿರಂಗಿಯ ಮೇಲೆ ಸುಮ್ಮನೆ ಕುಳಿತು ಬರುತ್ತಿದ್ದುದು ನೆನಪಾಯಿತು. ಆಕೆಗೆ ನಗು ಬಂತು. ಮೂರು ವಾರಗಳಲ್ಲಿ ಮೊದಲ ನಗು. ಅದರ ಬೆನ್ನಿಗೇ ಕಣ್ಣೀರು.

ತಮ್ಮ ಗಾಬರಿಯಾದ. "ಯಾಕಕ್ಕಾ? ಬೇರೆ ಬಾಗಿಲು ಮಾಡಿಸಿದರಾಯ್ತು!"

"ಮಾಡಿಸು. ಮಾಡಿಸಿ ನಿನ್ನ ಮಗಳು ಅಳಿಯನ್ನ ಇಲ್ಲಿ ಇರಿಸು. ನಿನ್ನ ಮನೇಲಿ ಎಂಟು ಜನ ಒಂದೇ ಕೋಣೇಲಿ ಉರುಳಾಡ್ತೀರಿ. ನಾನು ಆಗಾಗ ನೆಂಟಳಾಗಿ ಬರ್ತೀನಿ."

"ಭಾವ ಏನಂದುಕೊಳ್ತಾರೋ!"

"ಏನೂ ಅಂದುಕೊಳ್ಳಲ್ಲ ಕಣೋ. ನಿಮ್ಮ ಭಾವನ ಕೈ ತಪ್ಪಿರಲಿಲ್ಲ" ಎಂದಳು. ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಆಕೆ ಬಗ್ಗಿ, ಮೂಲೆಯಲ್ಲಿದ್ದ, ಹತ್ತರಿ ಹೊಡೆದ ಮರದ ಹೊಟ್ಟಿನ ರಾಶಿಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಸುರುಳಿಯನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ಸಂಜೆ ಓಣಿಗೆ ಬಂದಾಗ ಹಗ್ಗದಂಗಡಿಯ ಮುದುಕಿ ಕಣ್ಣು ಕಿರಿದು ಮಾಡಿದಳು. "ಬಂದ್ಯಾ? ಹಸು ಜಗಳಕ್ಕೆ ಬರಲಿಲ್ವಾ?"

"ಅದಕ್ಕೆ ನಿನ್ನಷ್ಟು ಬಾಯಿಲ್ಲ ಅಜ್ಜಿ."

"ಮತ್ತೆ? ಯಾವಾಗ ಹೊರಡೋದು?"

"ನಿನ್ನ ಕಳಿಸಿದ ಮೇಲೆ."

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಮೇಸ್ತ್ರಿಯ ಹೆಂಡತಿ ಮೂರು ಮಹಡಿ ಹತ್ತಿದಳು.

ಕಿಟಕಿ ತೆರೆದರೆ ಅಂಗಳದಲ್ಲಿ ಕೊನೆಯ ಸುತ್ತಿಗೆಗಳು ಬಡಿಯುತ್ತಿದ್ದವು. ಮಡಿಸಿಟ್ಟಿದ್ದ ಗಂಡನ ಅಂಗಿಯ ಮೇಲೆ ಆ ಮರದ ಸುರುಳಿಯನ್ನಿಟ್ಟು, ದೀಪ ಹಚ್ಚಿ, ಕೈಮುಗಿದು ಕುಳಿತಳು. "ತಂದೇ, ಇಷ್ಟು ದಿನ ನನಗಾಗಿಯೇ ಬೇಡಿದೆ, ಕ್ಷಮಿಸು. ಇವತ್ತು ಅವರಿಗಾಗಿ ಕೇಳ್ತಿದೀನಿ. ತುಂಬ ದಣಿದ ಜೀವ. ನಿನ್ನ ಹತ್ತಿರ ತಣ್ಣಗಿರಲಿ. ಅವರ ಆತ್ಮಕ್ಕೆ ಶಾಂತಿ ಕೊಡು. ಯಾವುದಕ್ಕೂ ಅವರಿಗೆ ಅವಸರ ಮಾಡಬೇಡ."