ಬೆನ್ನಿಗೆ ಹಚ್ಚಿದ ಪಟ್ಟಿ

ಹೆಣವನ್ನು ಎಡಮಗ್ಗುಲಿಗೆ ಹೊರಳಿಸಿ ನೀರು ಹೊಯ್ಯಲು ಹೋದ ಕಲ್ಸೊಮಳ ಕೈ ಅಲ್ಲೇ ನಿಂತಿತು. ಗಂಡನ ಎರಡು ಹೆಗಲೆಲುಬುಗಳ ನಡುವೆ ಅಂಗೈಯಗಲದ, ನೋವಿಗೆ ಹಚ್ಚುವ ಔಷಧಿಯ ಪಟ್ಟಿಯೊಂದು ಅಂಟಿಕೊಂಡಿತ್ತು.

ಮೊಣಕಾಲಿನ ಪಟ್ಟಿಯನ್ನು ಹಚ್ಚಿದವಳು ಅವಳೇ. ಅದನ್ನು ಆಗಲೇ ಬಿಡಿಸಿಯೂ ಆಗಿತ್ತು. ಬೆನ್ನಿನದು ಅವಳಿಗೆ ಗೊತ್ತೇ ಇರಲಿಲ್ಲ. ದೆರಾಮನ್‌ನ ಕೈ ಅಲ್ಲಿಗೆ ಎಟುಕುವುದೂ ಇಲ್ಲ. ಅರವತ್ತೊಂಬತ್ತರ ಆ ಮನುಷ್ಯನಿಗೆ ಅಂಗಿಯ ಕಾಲರ್ ಸರಿಮಾಡಿಕೊಳ್ಳಲೂ ಹೆಂಡತಿ ಬೇಕಿತ್ತು.

"ಯಾರು ಹಚ್ಚಿದ್ದು ಇದನ್ನ?"

ಹೆಣದ ಭುಜ ಹಿಡಿದಿದ್ದ ಅವಳ ತಮ್ಮ ಸೆಮಾನ್ ನೆಲ ನೋಡಿದ. ಸ್ನಾನ ಮಾಡಿಸಲು ಬಂದ ಹಿರಿಯರು, ಹೆಣದ ಮುಂದೆ ಮಾತು ಬೇಡ ಎಂದು ಸನ್ನೆ ಮಾಡಿದರು. ಕಲ್ಸೊಮ್ ತುಟಿ ಕಚ್ಚಿಕೊಂಡು ಬಿಸಿನೀರು ಹಾಕಿ ಹಾಕಿ ಪಟ್ಟಿಯನ್ನು ನಿಧಾನಕ್ಕೆ ಬಿಡಿಸಿದಳು. ಬದುಕಿದ್ದಾಗ ಒಂದೇ ಎಳೆತಕ್ಕೆ ಕೀಳುತ್ತಿದ್ದಳು. ಅವನು ಬೈಯುತ್ತಿದ್ದ, ಅವಳು ನಗುತ್ತಿದ್ದಳು.

ಕಫನ್ ಸುತ್ತುವವರು ಒಳಗೆ ಬಂದ ಮೇಲೆ ತಮ್ಮನನ್ನು ಬಾವಿಯ ಹತ್ತಿರ ನಿಲ್ಲಿಸಿಕೊಂಡಳು. ಅವನು ಬಾಯಿ ಬಿಟ್ಟ. ಹತ್ತು ದಿನದಿಂದ ಅವನೂ ದೆರಾಮನ್‌ನೂ ಪಕ್ಕದೂರಿನ ಶಾಲೆಯ ಅಂಗಳದಲ್ಲಿ ಟಕ್ರಾ ಕದ್ದು ಆಡುತ್ತಿದ್ದರಂತೆ, ಕೈ ಮುಟ್ಟಿಸದೆ ಕಾಲಲ್ಲೇ ಚೆಂಡನ್ನು ಬಲೆ ದಾಟಿಸುವ ಆಟ. ಬಲೆ ಪೂರ್ತಿ ಎತ್ತರಕ್ಕೆ. ಬೆತ್ತದ ಚೆಂಡು ಬಂದರೆ ಹಾರಿ, ಗಾಳಿಯಲ್ಲೇ ಮೈ ತಿರುಗಿಸಿ, ತಲೆಯ ಮೇಲಿಂದ ಒದೆಯುವುದು. ಇಪ್ಪತ್ತರ ಹುಡುಗರು ಒದೆಯುವಂತೆ. ಬರುವ ಶುಕ್ರವಾರ ಬಾಚೊಕ್ ಪೇಟೆಯಲ್ಲಿ ಹಿರಿಯರ ಟಕ್ರಾ ಪಂದ್ಯವಿತ್ತು.

"ಬೆನ್ನು ಹಿಡ್ಕೋತಿತ್ತು ಅಕ್ಕ. ಒಬ್ಬರ ಬೆನ್ನಿಗೆ ಒಬ್ಬರು ಪಟ್ಟಿ ಹಚ್ಕೋತಿದ್ವಿ. ನಿಂಗೆ ಹೇಳ್ಬೇಡ ಅಂದಿದ್ರು ಭಾವ."

"ನಿನ್ನೆದೇಲಿ ಎರಡು ಸ್ಟೆಂಟ್ ಇದೆ. ನೀನೂ ಹಾರಿದ್ಯಾ?"

"ಹಾರ್ದೆ."

ಅವಳು ಕೈಯಲ್ಲಿದ್ದ ತಂಬಿಗೆಯನ್ನು ಬಾವಿಕಟ್ಟೆಗೆ ಕುಕ್ಕಿದಳು. ನಿನ್ನೆ ಸಂಜೆ ಐದಕ್ಕೆ ಮನೆಪಕ್ಕದ ಅಂಗಳದಲ್ಲೇ, ತೆಂಗಿನ ಮರಗಳ ಕೆಳಗೆ, ದೆರಾಮನ್ ಹಾರಿದ್ದ. ಚೆಂಡು ಬಲೆ ದಾಟಿತು. ಅವನು ತಲೆಯ ಹಿಂಭಾಗ ಸಿಮೆಂಟಿಗೆ ಬಡಿಯುವಂತೆ ಬಿದ್ದ. ಸಂಜೆಯ ನಮಾಜಿನ ಹೊತ್ತಿಗೆ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು.

*

ಮೂರು ವರ್ಷದ ಹಿಂದೆ ಅವನ ಮೊಣಕಾಲು ಕೈಕೊಟ್ಟಾಗ, ಆಟ ಬಿಟ್ಟರೆ ಸಕ್ಕರೆ ಕಾಯಿಲೆ ಏರುತ್ತದೆ, ಆಡಿದರೆ ಮಂಡಿ ಹೋಗುತ್ತದೆ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದಳು. ದೆರಾಮನ್ ಆಟ ಬಿಟ್ಟ. ಜಗುಲಿಯಲ್ಲಿ ಕೂತು ಎರಡು ತಿಂಗಳಲ್ಲಿ ಹೊಟ್ಟೆ ಬಿಟ್ಟ, ಮಾತು ಬಿಟ್ಟ.

ಕಲ್ಸೊಮ್ ಮೀನುಗಾರರ ಬಲೆ ಹೊಲಿಯುವವಳು. ಅಂಗಳದ ಟಕ್ರಾ ಬಲೆಯೂ ಅವಳ ಕೈಯದೇ. ಒಂದು ಬೆಳಿಗ್ಗೆ ಹೋಗಿ ಗದ್ದದೆತ್ತರದ ಬಲೆಯನ್ನು ಬಿಚ್ಚಿ ಸೊಂಟದೆತ್ತರಕ್ಕೆ ಕಟ್ಟಿದಳು. ಕಂಬಗಳ ಮೇಲೆ ದೋಣಿಯ ಕೆಂಪು ಬಣ್ಣದಲ್ಲಿ ಗೆರೆ ಎಳೆದಳು. ಆಟದ ಕಟ್ಟಳೆಯನ್ನೂ ಅವಳೇ ಮಾಡಿದಳು. ಒಂದು ಕಾಲು ಸದಾ ನೆಲದ ಮೇಲಿರಬೇಕು. ಚೆಂಡು ಒಮ್ಮೆ ಪುಟಿದರೆ ತಪ್ಪಿಲ್ಲ. ಮೊದಲು ಹತ್ತು ನಿಮಿಷ ತೆಂಗಿನ ಮರ ಹಿಡಿದು ಕಾಲು ಬೀಸಬೇಕು.

"ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತಾರಲ್ಲ, ಹಾಗೆ ಒದೀರಿ," ಎಂದು ಗಂಡನ ಕೈಗೆ ಚೆಂಡು ಕೊಟ್ಟಳು.

ಮೊದಲ ವಾರ ಅವನೊಬ್ಬನೇ ಆಡಿದ. ತಿಂಗಳಿಗೆ ಸೆಮಾನ್ ಬಂದ, ವರ್ಷದೊಳಗೆ ಆಡುವ ಮುದುಕರು ಏಳು ಜನರಾದರು. ದೆರಾಮನ್ ಕಂಬಿ ಹಿಡಿಯದೆ ಮನೆಯ ಒಂಬತ್ತು ಮೆಟ್ಟಿಲು ಹತ್ತತೊಡಗಿದ. ಮೇಲೆ ಬಂದು, "ನೋಡಿದ್ಯಾ?" ಎನ್ನುತ್ತಿದ್ದ. ದಿನಾ ಎನ್ನುತ್ತಿದ್ದ. ಅವಳು ದಿನಾ, ನೋಡಲಿಲ್ಲ, ಇನ್ನೊಮ್ಮೆ ಹತ್ತಿ ಎನ್ನುತ್ತಿದ್ದಳು.

*

ಜಗುಲಿಯಲ್ಲಿ ಗಂಡಸರು ಕೂತಿದ್ದರು. ಪಂದ್ಯಕ್ಕೆ ತಂಡದ ಹೆಸರು ಬರೆಸಿದ್ದ ಯೂಸೋ, ಬಂದವರಿಗೆಲ್ಲ ನಿನ್ನೆಯ ಒದೆತವನ್ನು ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ಒಳಗೆ ಹೆಂಗಸರ ನಡುವೆ ಕೂತಿದ್ದ ಕಲ್ಸೊಮಳಿಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಎಂಥ ಸಾವು, ಹಾಸಿಗೆ ಹಿಡಿದು ನರಳಲಿಲ್ಲ, ಗಂಡಸಿನ ಹಾಗೆ ಆಡ್ತಾ ಹೋದ ಎಂದ. ಕೂತವರು ತಲೆದೂಗಿದರು. ಆಮೇಲೆ ಅವನು, ಶುಕ್ರವಾರದ ಪಂದ್ಯ ದೆರಾಮನ್ ಹೆಸರಿನಲ್ಲೇ ಆಡೋಣ, ಅವನ ಜಾಗದಲ್ಲಿ ಸೆಮಾನ್ ಹಾರಲಿ ಎಂದ. 

ಕಲ್ಸೊಮ್ ಎದ್ದು ಬಾಗಿಲಿಗೆ ಬಂದಳು.

"ಹಾಸಿಗೆ ಹಿಡಿಯೋ ಕಾಯಿಲೆ ಏನಿತ್ತು ಅವರಿಗೆ? ಹೇಳು ಯೂಸೋ."

"ಸೊಮಕ್ಕ, ಸಮಾಧಾನ ಮಾಡ್ಕೊಳ್ಳಿ. ಅವನಾಗೇ ಬಂದ. ನಾವೇನು ಎಳ್ಕೊಂಡು ಹೋದ್ವಾ? ತಮಾಷೆಗೆ ಒಂದು ಮಾತು ಅಂದಿದ್ವಿ, ಅಷ್ಟೇ."

"ಯಾವ ಮಾತು?"

ಯೂಸೋ ಟೊಪ್ಪಿ ಸರಿಮಾಡಿಕೊಂಡ. ಆ ಮಾತು ಊರಿಗೇ ಗೊತ್ತಿತ್ತು. ಸೊಂಟದೆತ್ತರದ ಬಲೆಗೆ ಅವರಿಟ್ಟ ಹೆಸರು, ಹೆಂಗಸಿನ ಬಲೆ.

"ಅಟ್ಟ ಹತ್ತಿಸಿ ಏಣಿ ತೆಗೆದ್ರಿ. ಈಗ ಅದೇ ಏಣಿ ನನ್ನ ತಮ್ಮನ ಮುಂದೆ ಇಡ್ತಿದೀರಿ. ನಾಚಿಕೆ ಆಗಲ್ವಾ ನಿಮಗೆ?"

ಇಮಾಮರು ಎದ್ದು ಹೊತ್ತಾಯಿತು ಎಂದರು. ಹೆಣ ಎತ್ತಿದರು. ಚಟ್ಟದ ಮುಂದಿನ ಬಲಬದಿಗೆ ಸೆಮಾನ್ ಹೆಗಲು ಕೊಟ್ಟ. ದಾರಿ ತಿರುಗುವ ಮೊದಲೇ ಅವನಿಗೆ ಏದುಸಿರು ಬಂದದ್ದು ಅವಳಿಗೆ ಕಂಡಿತು.

*

ಅವಳ ಸಿಟ್ಟೆಲ್ಲ ಯೂಸೋನ ಮೇಲೆಯೇ ಇರಲಿಲ್ಲ. ನಿನ್ನೆ ಚಹಾ ಕುಡಿಯುವಾಗ ದೆರಾಮನ್, ಇವತ್ತೊಂದು ದಿನ ಬಲೆ ಮೇಲೆ ಕಟ್ಟಲಾ ಎಂದು ಮಗುವಿನ ಹಾಗೆ ಕೇಳಿದ್ದ. ಕೂತು ಮಾತಾಡಿಸಿದ್ದರೆ ಹತ್ತು ದಿನದ ಗುಟ್ಟು ಹೊರಬರುತ್ತಿತ್ತೇನೋ. ಅವಳು ಹರಿದ ಬಲೆಯಿಂದ ತಲೆ ಎತ್ತಿರಲಿಲ್ಲ.

"ಕಟ್ಕೊಳ್ಳಿ. ಬಿದ್ದರೆ ನನ್ನ ಹತ್ರ ಬರಬೇಡಿ."

ಬಿದ್ದ. ಬರಲಿಲ್ಲ.

*

ಗಂಡಸರು ಮಣ್ಣಿಗೆ ಹೋದ ಮೇಲೆ ಊರು ಬಣಗುಟ್ಟಿತು. ಗೋರಿಗೆ ಹೊಯ್ಯಲೆಂದು ಹೂವು ಹಾಕಿಟ್ಟ ನೀರಿನ ಎರಡು ಹೂಜಿಗಳಲ್ಲಿ ಒಂದು ಉಳಿದಿತ್ತು. ಕಲ್ಸೊಮ್ ಅದನ್ನೆತ್ತಿಕೊಂಡು ಮೆಟ್ಟಿಲಿಳಿದಳು. ಮುದಿ ಅತ್ತೆಯೊಬ್ಬಳು ಸೆರಗು ಹಿಡಿದು, ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು ಎಂದು ಗದರಿದಳು.

"ಗೊತ್ತು ಅತ್ತೆ. ಇದೊಂದು ಕೆಲಸ ಇದೆ, ಆಮೇಲೆ ಕೂತ್ಕೋತೀನಿ."

ಅಂಗಳದಲ್ಲಿ ಬಲೆ ಗದ್ದದೆತ್ತರಕ್ಕೇ ಇತ್ತು. ಸಿಮೆಂಟಿನ ಮೇಲೆ ಯಾರೋ ಮರಳು ಸುರಿದಿದ್ದರು. ಅವಳು ಅತ್ತ ನೋಡದೆ ಹಗ್ಗ ಬಿಚ್ಚಿದಳು. ಕೆಂಪು ಗೆರೆಗೆ ಇಳಿಸಿದಳು. ಬಿರುಗಾಳಿಯಲ್ಲಿ ದೋಣಿ ಕಟ್ಟುವ ಗಂಟನ್ನು ಎರಡೂ ಕಂಬಕ್ಕೆ ಮೂರು ಮೂರು ಸುತ್ತು ಹಾಕಿ, ಹಲ್ಲಿನಿಂದ ಎಳೆದು, ಹೂಜಿಯ ನೀರನ್ನು ಅದರ ಮೇಲೆ ಹೊಯ್ದಳು. ಹತ್ತಿಹಗ್ಗ ನೆನೆದರೆ ಆ ಗಂಟು ಬಿಚ್ಚುವುದಿಲ್ಲ, ಕಡಿಯಬೇಕು. ಅಲ್ಲೇ ನಿಂತಳು.

ಗಂಡಸರು ಊಟಕ್ಕೆ ಮರಳಿದರು. ಯೂಸೋ ನೇರ ಅಂಗಳಕ್ಕೆ ಬಂದು, ಇದೇನು ಹುಚ್ಚು ಎನ್ನುತ್ತ ಗಂಟಿಗೆ ಉಗುರು ಹಾಕಿದ. ಬರಲಿಲ್ಲ. ಕೈ ಹಿಂದೆ ಚಾಚಿ ಸೆಮಾನ್‌ನ ಸೊಂಟದ ಚಾಕು ಕೇಳಿದ.

ಸೆಮಾನ್ ಚಾಕು ತೆಗೆದ. ಅದನ್ನು ಅಕ್ಕನ ಕೈಗೆ ಕೊಟ್ಟ. ಆಮೇಲೆ ಗೋರಿಯ ಮಣ್ಣು ಮೆತ್ತಿದ ಕಾಲಲ್ಲೇ ಅವಳಿಗೆ ಬೆನ್ನು ಮಾಡಿ ನಿಂತು ಅಂಗಿ ಮೇಲೆತ್ತಿದ. ಎರಡು ಹೆಗಲೆಲುಬುಗಳ ನಡುವೆ ಅಂಥದ್ದೇ ಪಟ್ಟಿ.

"ತೆಗಿ ಅಕ್ಕ. ನನ್ನ ಕೈ ಎಟುಕಲ್ಲ."

ಪಟ್ಟಿಯ ಒಂದು ಮೂಲೆ ಮಡಚಿಕೊಂಡಿತ್ತು. ದೆರಾಮನ್ ಏನು ಹಚ್ಚಿದರೂ ಹೀಗೇ, ಒಂದು ಮೂಲೆ ಮಡಚಿಯೇ ಹಚ್ಚುತ್ತಿದ್ದ. ಕಲ್ಸೊಮ್ ಆ ಮೂಲೆ ಹಿಡಿದು ಒಂದೇ ಎಳೆತಕ್ಕೆ ಕಿತ್ತಳು. ಸೆಮಾನ್ ಕೂಗಿಕೊಂಡ. ಅವನ ಬೆನ್ನ ಮೇಲೆ ಕೆಂಪಗೆ ಒಂದು ಚೌಕ ಎದ್ದಿತು. ಅವಳು ಪಟ್ಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮನೆಯ ಒಂಬತ್ತು ಮೆಟ್ಟಿಲು ಹತ್ತಿದಳು, ಕಂಬಿ ಹಿಡಿಯದೆ.