ನಲ್ಲಿಯ ಸದ್ದು

ಶೌಚಾಲಯದ ಬಾಗಿಲಾಚೆ ನಲ್ಲಿ ಜೋರಾಗಿ ಸುರಿಯುತ್ತಿತ್ತು. ರಮಿತಾ ಮಾವನ ಖಾಲಿ ನೀರಿನ ಬಾಟಲಿ ಹಿಡಿದು ಹೊರಗೆ ಗೋಡೆಗೊರಗಿ ನಿಂತಿದ್ದಳು. ನಲ್ಲಿಯ ಸದ್ದಿನ ಅಡಿಯಲ್ಲಿ ಬೇರೆ ಸದ್ದಿರಲಿಲ್ಲ. ಒಮ್ಮೆ ಮಾತ್ರ, ಹಲ್ಲು ಕಚ್ಚಿ ಬಿಟ್ಟ ಉಸಿರು.

ಬೆಳಿಗ್ಗೆ ಕುಂದಾಪುರದ ಈ ಸ್ಕ್ಯಾನಿಂಗ್ ಸೆಂಟರಿಗೆ ಬಂದಾಗ ಅಲ್ಲಿಯ ಹುಡುಗಿ ಅನಿಷಾ ಎಲ್ಲರೆದುರು ಕೂಗಿದ್ದಳು. "ಶೆಟ್ರೇ, ಮೂತ್ರ ಬಂತಾ? ಹೊಟ್ಟಿ ತುಂಬ ನೀರ್ ಇದ್ರೆ ಮಾತ್ರ ಸ್ಕ್ಯಾನಂಗೆ ಕಾಂತ್."

"ನೀರಿಗೆಂತ ಬರ? ಸೌಪರ್ಣಿಕಾ ಹೊಳಿ ಪೂರಾ ನನ್ ಹೊಟ್ಟಿಯೊಳ್ಗೇ ಇತ್ತ್," ಎಂದಿದ್ದರು ಮಾವ ರಾಜೀವ ಶೆಟ್ಟರು. ಬೆಂಚಿನವರೆಲ್ಲ ನಕ್ಕಿದ್ದರು.

ಮೊದಲ ಸ್ಕ್ಯಾನಿನಲ್ಲಿ ಪರದೆಯ ತುಂಬ ಒಂದು ಕಪ್ಪು ಕಲೆ, ಉಬ್ಬಿದ ಮೂತ್ರಕೋಶ. "ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರದ ದಾರಿ ಒತ್ತಿದೆ," ಎಂದಿದ್ದರು ಡಾಕ್ಟರು. "ಮೂತ್ರ ಮಾಡಿ ಬನ್ನಿ, ಎಷ್ಟು ಉಳಿಯುತ್ತೆ ನೋಡುವ. ಖಾಲಿಯಾದರೆ ಮಾತ್ರೆ ಸಾಕು. ಇಲ್ಲದಿದ್ದರೆ ಇವತ್ತೇ ಟ್ಯೂಬ್ ಹಾಕಬೇಕು, ಆಮೇಲೆ ಆಪರೇಷನ್."

ಸೋಮವಾರ ರಮಿತಾ ಧಾರವಾಡದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಗಂಡ ಯತೀಶ ತೀರಿಕೊಂಡ ಮೇಲೆ ನಾವುಂದದ ಮನೆಯಲ್ಲಿ ಅವಳು, ಅವನ ಅಪ್ಪ, ಇಬ್ಬರೇ. "ಹೋಗ್ ಹೆಣೆ, ಗೋಡಿ ಕಾಂತಾ ಕೂಕಂಡದ್ ಸಾಕ್," ಎಂದು ಅರ್ಜಿ ಹಾಕಿಸಿದವರು ಮಾವನೇ. ಅವರು ಪದೇ ಪದೇ ಬಚ್ಚಲಿಗೆ ಹೋಗುವುದನ್ನು ಕಂಡು ಕೇಳಿದರೆ, "ಉಷ್ಣ ಅಷ್ಟೆ. ಎರಡ್ ಬೊಂಡ ಕುಡುದ್ರೆ ಸಮ ಆತ್ತ್," ಎನ್ನುತ್ತ ಎಳನೀರು ಕೆತ್ತಿಸುತ್ತಿದ್ದರು. ಕುಡಿದಷ್ಟೂ ಹೊಟ್ಟೆ ಕಲ್ಲಾಗುತ್ತಿತ್ತು.

ನಲ್ಲಿ ನಿಂತಿತು. ಮಾವ ಹೊರಬಂದರು. ಹಣೆ ತುಂಬ ಬೆವರು.

"ಪೂರಾ ಹೋಯ್ತ್. ಈಗ ಹಗುರ. ಮನಿಗೆ ಹ್ವಾಪ."

"ಡಾಕ್ಟ್ರ್ ಇನ್ನೊಂದ್ ಸಲ ಕಾಣ್ಕ್ ಅಂದಿರಲ ಮಾವ."

"ನನ್ ಹೊಟ್ಟಿ ನಂಗೊತ್ತಿಲ್ಯಾ? ಬಸ್ ಬತ್ತ್. ನಿಂಗೆ ಬಟ್ಟಿ ತುಂಬ್ಸುಕಿಲ್ಯಾ?"

ಅನಿಷಾ ಬೇರೆ ಯಾರದೋ ಹೆಸರು ಕೂಗುತ್ತಿದ್ದಳು. ಹೊರಟರೆ ತಡೆಯುವವರಿರಲಿಲ್ಲ. ರಮಿತಾ ಹೊರಬಾಗಿಲವರೆಗೂ ನಡೆದಳು. ರಸ್ತೆಯಲ್ಲಿ ನಾವುಂದದ ಮೇಲೆ ಹೋಗುವ ಬೈಂದೂರಿನ ಬಸ್ಸು ಹಾರ್ನ್ ಹೊಡೆಯುತ್ತ ನಿಂತಿತ್ತು. ತಿರುಗಿ ನೋಡಿದಳು. ಮಾವ ಒಂದು ಕೈಯಲ್ಲಿ ಕಿಬ್ಬೊಟ್ಟೆ ಒತ್ತಿಕೊಂಡು ಹಿಂದೆಯೇ ಬರುತ್ತಿದ್ದರು. ನಗುತ್ತಿದ್ದರು.

"ಅನಿಷಾ," ಎಂದಳು. "ಮಾವಂದ್ ಇನ್ನೊಂದ್ ಸಲ ಸ್ಕ್ಯಾನ್ ಮಾಡುಕಿತ್ತ್."

ಕಪ್ಪು ಕಲೆ ಮೊದಲಿನಷ್ಟೇ ಇತ್ತು. ಡಾಕ್ಟರು ಜೆಲ್ ಹಚ್ಚಿದ ಉಪಕರಣವನ್ನು ಪಕ್ಕೆಗೆ ಒತ್ತಿದರು. ಎರಡು ಮೂತ್ರಪಿಂಡಗಳೂ ಊದಿದ್ದವು.

"ಒಂದು ಹನಿಯೂ ಹೋಗಲಿಲ್ಲವಲ್ಲ ಶೆಟ್ರೇ?"

ಮಾವ ಪರದೆ ನೋಡಲಿಲ್ಲ. "ಸೋಮವಾರ ಒಂದ್ ಕಳೀಲಿ ಅಂದೆ," ಎಂದರು ಮೆಲ್ಲಗೆ. ರಮಿತಾ ಅವರ ಹೊಟ್ಟೆಯ ಮೇಲಿನ ಜೆಲ್ ಒರೆಸಿದಳು.

ಸಂಜೆ ಆಸ್ಪತ್ರೆಯ ಮಂಚದ ಬದಿಗೆ ಟ್ಯೂಬಿನ ತುದಿಯಲ್ಲಿ ತೂಗಿದ್ದ ಮೂತ್ರದ ಚೀಲ ಮತ್ತೆ ತುಂಬಿತ್ತು. "ಇನ್ನ್ ನೀವೇ ಮಾಡ್ಕ್. ಆಪರೇಷನ್ ಆಪ ತನಕ ಮನೆಲೂ ಹೀಂಗೇ," ಎಂದು ತೋರಿಸಿಕೊಟ್ಟು ನರ್ಸ್ ಹೋದಳು. ರಮಿತಾ ಬಕೆಟ್ ಎಳೆದುಕೊಂಡು ಚೀಲದ ತಳದ ಬಿರಡೆ ತಿರುಗಿಸಿದಳು. ಕಣ್ಣುಮುಚ್ಚಿ ಮಲಗಿದ್ದ ಮಾವ, ಸದ್ದು ಶುರುವಾದೊಡನೆ ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ಅದು ನಿಲ್ಲುವವರೆಗೂ ಅವಳು ಬಗ್ಗಿಕೊಂಡೇ ಇದ್ದಳು.